ಒರೆಗಾನ್‌ನಲ್ಲಿ ಮೇಕೆ ಯೋಗ: ಯೋಗ ಕಡಿಮೆ, ಮೇಕೆ ಜಾಸ್ತಿ

ಸುತ್ತ ಮೇಕೆಮರಿಗಳನ್ನು ಬಿಟ್ಟುಕೊಂಡು ಫಾರ್ಮ್‌ನಲ್ಲಿ ಮಾಡುವ ಯೋಗ ಕ್ಲಾಸಿಗೆ ಮೇಕೆ ಯೋಗ ಅನ್ನುತ್ತಾರೆ. ಮೊದಲೇ ಹೇಳಿಬಿಡುತ್ತೇನೆ. ಯೋಗ ಕಲಿಯಬೇಕು, ಬೆನ್ನುನೋವು ವಾಸಿ ಮಾಡಿಕೊಳ್ಳಬೇಕು ಅಂತ ಮೇಕೆ ಯೋಗಕ್ಕೆ ಹೊರಟಿದ್ದರೆ ಬೇಡ, ದುಡ್ಡು ದಂಡ. ಫೋನು, ಮೀಟಿಂಗು ಎಲ್ಲ ಮರೆತು ಸ್ವಲ್ಪ ಹೊತ್ತು ಹುಲ್ಲಿನ ಮೇಲೆ ಮೇಕೆಮರಿಗಳ ಜೊತೆ ಬಿದ್ದಿರಬೇಕು ಅನ್ನಿಸಿದರೆ ಧಾರಾಳವಾಗಿ ಹೋಗಿ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಪೋರ್ಟ್‌ಲ್ಯಾಂಡ್, ಹಿಲ್ಸ್‌ಬೊರೊ ಕಡೆ ಇರುವ ನಮ್ಮ ಕನ್ನಡದವರು, ಊರಿಂದ ಹಿರಿಯರು ಬಂದಾಗ ಜಲಪಾತ, ಸಮುದ್ರ ಎಲ್ಲ ತೋರಿಸಿ ಮುಗಿದ ಮೇಲೆ ಇನ್ನೆಲ್ಲಿಗೆ ಕರೆದುಕೊಂಡು ಹೋಗೋದು ಅಂತ ಕೇಳುತ್ತಲೇ ಇರುತ್ತಾರಲ್ಲ, ಅವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ.

ಈ ಮೇಕೆ ಯೋಗ ಶುರುವಾದದ್ದೇ ಒರೆಗಾನ್‌ನಲ್ಲಿ, 2016ರಲ್ಲಿ, ಆಲ್ಬನಿ ಅನ್ನೋ ಊರಿನ ಹತ್ತಿರ ಲೇನಿ ಮೋರ್ಸ್ ಅವರ ಫಾರ್ಮ್‌ನಲ್ಲಿ. ಕಾಯಿಲೆ, ವಿಚ್ಛೇದನ ಎರಡೂ ಒಟ್ಟಿಗೇ ಬಂದಿದ್ದ ಕಾಲದಲ್ಲಿ ಅವರಿಗೆ ಸಮಾಧಾನ ಸಿಕ್ಕಿದ್ದು ತಮ್ಮ ಮೇಕೆಗಳ ಜೊತೆ ಕೂತಾಗ. ಆಮೇಲೆ ಸ್ನೇಹಿತರನ್ನೂ ಕರೆಯೋಕೆ ಶುರು ಮಾಡಿದರು. ಅಲ್ಲಿ ನಡೆದ ಒಂದು ಮಗುವಿನ ಹುಟ್ಟುಹಬ್ಬಕ್ಕೆ ಬಂದಿದ್ದ ಯೋಗ ಟೀಚರ್ ಒಬ್ಬರು ಇಲ್ಲೇ ಒಂದು ಕ್ಲಾಸ್ ಯಾಕೆ ಮಾಡಬಾರದು ಅಂತ ಕೇಳಿದರು, ಅಲ್ಲಿಂದ ಅಮೆರಿಕ ಪೂರ್ತಿ ಹಬ್ಬಿತು. ಅಂದರೆ ಮೊದಲು ಇದ್ದದ್ದು ಮೇಕೆ, ಯೋಗ ಆಮೇಲೆ ಬಂದು ಸೇರಿಕೊಂಡದ್ದು. ನಾವು ಹೋದದ್ದು ಅವರ ಫಾರ್ಮ್‌ಗಲ್ಲ. ಇದೇ ವಿಲಾಮೆಟ್ ಕಣಿವೆಯಲ್ಲಿ ಇರುವ ಬೇರೊಂದಕ್ಕೆ. ಹೆಸರು ಹಾಕುವುದಿಲ್ಲ, ಯಾಕಂದ್ರೆ ಹೊಗಳೋದರ ಜೊತೆ ಸ್ವಲ್ಪ ಬೈಯೋದೂ ಇದೆ.

ನಾವು ಮೂವರು. ನಾನು, ಮೈಸೂರಿನ ಗೋಕುಲಂ ಕಡೆ ಅಷ್ಟಾಂಗ ಕಲಿತು ಬಂದ ನನ್ನ ಗೆಳತಿ, ಮತ್ತೆ ಶಿರಾದಿಂದ ಬಂದಿದ್ದ ನಮ್ಮತ್ತೆ. ತಲೆಗೆ 40 ಡಾಲರ್. ಯೋಗ ಮಾಡದೆ ಸುಮ್ನೆ ಕುರ್ಚಿ ಹಾಕಿಕೊಂಡು ನೋಡುವವರಿಗೂ ಅಷ್ಟೇ. ಅತ್ತೆಗೆ ರೂಪಾಯಿ ಲೆಕ್ಕ ಹೇಳಲಿಲ್ಲ, ಹೇಳಿದ್ದರೆ ಅವರು ಕಾರಿಂದ ಇಳಿಯುತ್ತಲೇ ಇರಲಿಲ್ಲ. ಗೇಟಿನಲ್ಲೇ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಮೇಕೆ ಗುದ್ದಿದರೆ, ತುಳಿದರೆ, ಬಟ್ಟೆ ತಿಂದರೆ ನಾವು ಜವಾಬ್ದಾರರಲ್ಲ ಅಂತ. ಮೂರರಲ್ಲಿ ಎರಡು ನಮಗೆ ಆಗೇಹೋಯಿತು.

ಇಲ್ಲಿ ಇಟ್ಟಿರುವುದು ನೈಜೀರಿಯನ್ ಡ್ವಾರ್ಫ್ ಅನ್ನೋ ಗಿಡ್ಡ ತಳಿ. ಬೆಳೆದ ಮೇಕೆಯೂ ಎರಡಡಿ ದಾಟುವುದಿಲ್ಲ. ಆದರೂ ದೊಡ್ಡವು ಮೂವತ್ತು ಕೆಜಿ ಮೇಲೆ ತೂಗುತ್ತವೆ, ಅವು ಬೆನ್ನೇರಿದರೆ ನಮ್ಮ ಗತಿ ಅಷ್ಟೇ. ಅದಕ್ಕೆ ಬೆನ್ನ ಮೇಲೆ ಹತ್ತಿಸೋದು ಮರಿಗಳನ್ನು ಮಾತ್ರ. ಟೀಚರ್ ಎಲ್ಲರನ್ನೂ ಮಂಡಿ, ಅಂಗೈ ಊರಿ ನಿಲ್ಲಿಸುತ್ತಾರೆ, ಮಾರ್ಜಾಲಾಸನದಲ್ಲಿ ನಿಲ್ಲುತ್ತೇವಲ್ಲ ಹಾಗೆ. ಫಾರ್ಮ್‌ನ ಹುಡುಗಿ ಡಬ್ಬಿಯಲ್ಲಿ ಕಾಳು ಅಲ್ಲಾಡಿಸುತ್ತಾ ಬರುತ್ತಾಳೆ. ಮರಿ ಹಾರಿ ಬೆನ್ನ ಮೇಲೆ ನಿಲ್ಲುತ್ತದೆ. ನೋಡುವವರಿಗೆ ಮುದ್ದಾಗಿ ಕಾಣುತ್ತದೆ, ನಿಜ. ಆದರೆ ಮೇಕೆ ಗುಡ್ಡದ ಪ್ರಾಣಿ, ಎತ್ತರ ಸಿಕ್ಕ ಕೂಡಲೇ ನಾಲ್ಕೂ ಕಾಲನ್ನು ಅಂಗೈಯಗಲದ ಜಾಗದಲ್ಲಿ ಒಟ್ಟು ಮಾಡಿಕೊಂಡು ನಿಲ್ಲುತ್ತದೆ, ಆಮೇಲೆ ಅಲ್ಲೇ ತಿರುಗುತ್ತದೆ. ಗೊರಸಿನ ಅಂಚು ಗಟ್ಟಿ, ನಡುವೆ ಮಾತ್ರ ಮೆತ್ತಗೆ. ಬಂಡೆ ಹಿಡಿದು ಹತ್ತುವುದಕ್ಕೆ ಅಂತಲೇ ಹಾಗಿದೆ. ಆ ಗಟ್ಟಿ ಅಂಚು ಬೆನ್ನುಮೂಳೆಯ ಪಕ್ಕದಲ್ಲಿ ಊರಿದಾಗ ಉಸಿರು ಒಳಗೆ, ಉಸಿರು ಹೊರಗೆ ಅಂತ ಟೀಚರ್ ಹೇಳುತ್ತಿದ್ದರು. ನನಗಂತೂ ಉಸಿರು ಅಲ್ಲೇ ನಿಂತಿತ್ತು.

ನನ್ನ ಗೆಳತಿಗೆ ಕೋಪ ಬಂದಿತ್ತು. ಪಾಪ, ಅವಳು ಉಸಿರು ಎಣಿಸಿ ಸೂರ್ಯನಮಸ್ಕಾರ ಮಾಡುವವಳು. ಇಲ್ಲಿ ಒಂದು ಆಸನ ಹಾಕಿ ಎರಡು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಯಾರೋ ಕಿರುಚುತ್ತಾರೆ, ಎಲ್ಲರೂ ನಗುತ್ತಾರೆ, ಇನ್ನೊಬ್ಬರು ಸೆಲ್ಫಿಗೆ ಏಳುತ್ತಾರೆ. ಶವಾಸನದಲ್ಲಿ ಕಣ್ಣು ಮುಚ್ಚಿ ಮಲಗಿದ್ದಾಗ ಒಂದು ಕಂದು ಮರಿ ಬಂದು ಅವಳ ಜಡೆಯ ತುದಿಯನ್ನು ಬಾಯಿಗೆ ಹಾಕಿಕೊಂಡು ಜಗಿಯುತ್ತಾ ನಿಂತಿತು. ಕೂದಲು ಬಿಡಿಸಿಕೊಂಡು ಎದ್ದಾಗ ಅವಳು ಹೇಳಿದ್ದು ಒಂದೇ ಮಾತು, ಇದಕ್ಕೆ ಯೋಗ ಅನ್ನೋ ಹೆಸರು ಬೇಕಿರಲಿಲ್ಲ. ನಾನೂ ಒಪ್ಪುತ್ತೇನೆ.

ಹಿಕ್ಕೆ ವಿಷಯ ಎಲ್ಲರೂ ಕೇಳುತ್ತಾರೆ. ಬೀಳುತ್ತದೆ, ಮ್ಯಾಟ್ ಮೇಲೂ ಬೀಳುತ್ತದೆ. ಒಣ ಕಾಳಿನ ಥರ ಇರುವುದರಿಂದ ಕೊಡವಿದರೆ ಹೋಯಿತು, ಪೊರಕೆ ಹಿಡಿದುಕೊಂಡು ಓಡಾಡೋಕೆ ಒಬ್ಬ ಹುಡುಗ ಬೇರೆ ಇದ್ದಾನೆ. ಉಚ್ಚೆ ಹೊಯ್ದರೆ ಮಾತ್ರ ಕಷ್ಟ. ನಮ್ಮತ್ತೆ ಕುರ್ಚಿಯಲ್ಲಿ ಕೂತು ಆ ಹುಡುಗನನ್ನೇ ನೋಡುತ್ತಿದ್ದರು. “ಗುಡ್ಸಿದ್ದನ್ನ ಎಲ್ಲಿಗೆ ಹಾಕ್ತಾನೆ ಕೇಳವ್ವ, ಒಳ್ಳೆ ಗೊಬ್ರ ಅದು” ಅಂದರು. ಕೇಳಿದೆ. ತರಕಾರಿ ಮಡಿಗೆ ಹಾಕುತ್ತಾರಂತೆ. ಅಲ್ಲಿಂದ ಮುಂದೆ ಅತ್ತೆಗೆ ಈ ಫಾರ್ಮ್‌ನವರ ಮೇಲೆ ಮರ್ಯಾದೆ ಬಂತು.

ಈಗ ಬೈಯುವ ಭಾಗ. ಜನ ಜಾಸ್ತಿ, ಮರಿ ಕಡಿಮೆ. ಹಾಗಾಗಿ ಇದ್ದಬದ್ದ ಮರಿಗಳನ್ನು ಫೋಟೋಗೆ ಅಂತ ಒಬ್ಬರ ಬೆನ್ನಿಂದ ಇನ್ನೊಬ್ಬರ ಬೆನ್ನಿಗೆ ಎತ್ತಿ ಎತ್ತಿ ಇಡುತ್ತಿದ್ದರು. ತಾನಾಗಿ ಬಂದು ಹತ್ತಿದ ಮರಿ ಬೇರೆ, ಎತ್ತಿಟ್ಟ ಮರಿ ಬೇರೆ. ಎತ್ತಿಟ್ಟದ್ದು ಮೈ ಬಿಗಿಹಿಡಿದು ನಿಂತಿರುತ್ತದೆ, ಕೆಳಗಿರುವವರಿಗೆ ಅದು ಬೆನ್ನಿನಲ್ಲೇ ಗೊತ್ತಾಗುತ್ತದೆ. ಇದನ್ನು ಮೊದಲು ಗಮನಿಸಿದ್ದು ಅತ್ತೆ. “ಆ ಬಿಳಿ ಮರಿಗೆ ಸಾಕಾಗೈತೆ, ತಾಯಿ ಹತ್ರ ಬಿಡಕ್ಕೇಳು” ಅಂದರು. ನಾನು ಹೋಗಿ ಹೇಳಿದೆ, ಆ ಹುಡುಗಿ ಬೇಜಾರು ಮಾಡಿಕೊಳ್ಳದೆ ತಕ್ಷಣ ಮರಿಯನ್ನು ಒಳಗೆ ಬಿಟ್ಟಳು, ಅಷ್ಟರಮಟ್ಟಿಗೆ ಒಳ್ಳೆಯವರೇ. ಆದರೂ ಅಂಗಳದಿಂದ ಕೊಟ್ಟಿಗೆಗೆ ಹೋಗುವ ಬಾಗಿಲು ಮುಚ್ಚಿಟ್ಟಿದ್ದು ಯಾಕೆ? ಸಾಕಾದಾಗ ಅವು ತಾವೇ ಹೋಗುವಂತಿರಬೇಕು, ಅಲ್ವಾ? ಇಟಲಿಯಲ್ಲಿ 2024ರಲ್ಲಿ ಯೋಗ ಕ್ಲಾಸುಗಳಲ್ಲಿ ನಾಯಿಮರಿ ಬಳಸೋದನ್ನು ಆರೋಗ್ಯ ಇಲಾಖೆಯೇ ನಿಲ್ಲಿಸಿತು, ಬೇಕಿದ್ದರೆ ದೊಡ್ಡ ನಾಯಿ ಇಟ್ಟುಕೊಳ್ಳಿ ಅಂತ. ಮೇಕೆಮರಿಯವರೂ ಸ್ವಲ್ಪ ಯೋಚಿಸಬೇಕು. ಮತ್ತೆ ಆ ಸ್ಪೀಕರು! ಕೊಳಲಿನ ಹಾಡು ಹಾಕಿದ್ದರು, ಮೇಕೆಗಳ ಬ್ಯಾ ಬ್ಯಾ ಕೇಳೋದಕ್ಕೆ ತಾನೇ ನಾವು ಬಂದದ್ದು. ಬಾಟಲಿಯಲ್ಲಿ ಹಾಲು ಕುಡಿಸೋಕೆ ಬೇರೆ ದುಡ್ಡು, ದನ ಅಪ್ಪಿಕೊಂಡು ಕೂರೋಕೆ ಇನ್ನೂ ಬೇರೆ.

ದನ ಅಪ್ಪಿಕೊಳ್ಳೋದು ಅಂದಾಗ ನಗಬೇಡಿ. ನೆದರ್‌ಲ್ಯಾಂಡ್ಸ್‌ನ ಹಳ್ಳಿಗಳಲ್ಲಿ ಇದು ಬಹಳ ವರ್ಷದಿಂದ ಇದೆ. ದನದ ಮೈ ನಮ್ಮದಕ್ಕಿಂತ ಬಿಸಿ, 38.5 ಡಿಗ್ರಿ ಆಸುಪಾಸು, ಅದಕ್ಕೆ ಒರಗಿ ಕೂತರೆ ಹಿತವಾಗಿಯೇ ಇರುತ್ತದೆ. ನಮ್ಮ ದೇಶದಲ್ಲೂ 2023ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿಯವರು ಫೆಬ್ರವರಿ 14ರಂದು ಹಸು ಅಪ್ಪಿಕೊಳ್ಳಿ ಅಂತ ಕರೆ ಕೊಟ್ಟು, ಜನ ಆಡಿಕೊಂಡ ಮೇಲೆ ಕೆಲವೇ ದಿನದಲ್ಲಿ ವಾಪಸ್ ತೆಗೆದುಕೊಂಡರು. ನಾವು ಆ ಟಿಕೆಟ್ ತೆಗೆದುಕೊಳ್ಳಲಿಲ್ಲ. ಅತ್ತೆ ಬೇಲಿ ಆಚೆಯಿಂದಲೇ ಹಸುವಿನ ಗಂಗೆದೊಗಲು ಸವರಿದರು, ಅದು ಕತ್ತು ಚಾಚಿಕೊಂಡು ನಿಂತಿತು. ಆ ಸೇವೆಗೆ ಯಾರೂ ದುಡ್ಡು ಕೇಳಲಿಲ್ಲ.

ನಲವತ್ತು ಡಾಲರ್‌ಗೆ ತಕ್ಕದ್ದು ಸಿಕ್ಕಿದ್ದು ಕ್ಲಾಸ್ ಮುಗಿದ ಮೇಲೆ. ಮ್ಯಾಟ್ ಸುತ್ತಿಟ್ಟು ಅರ್ಧ ಗಂಟೆ ಅಲ್ಲೇ ಇರಬಹುದು. ಸೆಲ್ಫಿ ಆದವರು ಕಾರು ಹತ್ತಿದರು, ಸ್ಪೀಕರ್ ಆಫ್ ಆಯಿತು, ಬಾಗಿಲೂ ತೆಗೆದರು. ದೊಡ್ಡ ಮೇಕೆಗಳು ಬಂದು ನೆರಳಲ್ಲಿ ಮಲಗಿದವು. ಒಂದು ನನ್ನ ತೊಡೆಗೆ ಒರಗಿಕೊಂಡು ಮೆಲುಕು ಹಾಕೋಕೆ ಶುರು ಮಾಡಿತು. ಹತ್ತಿರದಿಂದ ನೋಡಿದ್ದೀರಾ? ಕತ್ತಿನ ಎಡಭಾಗದಲ್ಲಿ ಒಂದು ಉಂಡೆ ಕೆಳಗಿಂದ ಮೇಲೆ ಬರೋದು ಚರ್ಮದ ಹೊರಗಡೆಯೇ ಕಾಣುತ್ತದೆ. ಆಮೇಲೆ ಕೆಳದವಡೆ ಪಕ್ಕಕ್ಕೆ ಸರಿದು ಸರಿದು ಅರೆಯುತ್ತದೆ, ಕಣ್ಣು ಅರ್ಧ ಮುಚ್ಚಿರುತ್ತದೆ. ನುಂಗುತ್ತದೆ. ಒಂದೆರಡು ಕ್ಷಣ ಏನೂ ಇಲ್ಲ. ಮತ್ತೆ ಇನ್ನೊಂದು ಉಂಡೆ ಮೇಲೆ ಬರುತ್ತದೆ. ಹೆದರಿದ ಮೇಕೆ ಮೆಲುಕು ಹಾಕುವುದಿಲ್ಲ, ಅದು ಹಾಕುತ್ತಿದೆ ಅಂದರೆ ಅದಕ್ಕೆ ಭಯ ಇಲ್ಲ ಅಂತ ಅತ್ತೆ ಹೇಳಿದರು. ಅದನ್ನೇ ನೋಡುತ್ತಾ ನನ್ನ ಉಸಿರು ಎಷ್ಟು ನಿಧಾನವಾಯಿತು ಅಂದರೆ, ಕ್ಲಾಸಿನಲ್ಲಿ ಟೀಚರ್ ಅಷ್ಟು ಹೇಳಿದರೂ ಆಗದ್ದು ಇಲ್ಲಿ ಯಾರೂ ಹೇಳದೆ ಆಗಿಹೋಯಿತು. ಗೆಳತಿಯ ಕೋಪವೂ ಇಳಿದಿತ್ತು. ಜಡೆ ತಿಂದ ಮರಿಯೇ ಅವಳ ಮಡಿಲಲ್ಲಿ ನಿದ್ದೆ ಮಾಡುತ್ತಿತ್ತು.

ಹೋಗುವವರಿಗೆ ಒಂದಿಷ್ಟು ಮಾತು. ಬಸುರಿಯರು ಹೋಗದಿರೋದು ಒಳ್ಳೆಯದು, ಅದರಲ್ಲೂ ಮೇಕೆಗಳು ಮರಿ ಹಾಕುವ ವಸಂತ ಕಾಲದಲ್ಲಿ. ಕ್ಯೂ ಜ್ವರ ಅಂತ ಒಂದು ಇದೆ, ಈದ ಮೇಕೆಯ ಮಾಸು, ಗರ್ಭದ ನೀರಿನಿಂದ ಹರಡುತ್ತದೆ, ಬಸುರಿಗೂ ಹೊಟ್ಟೆಯಲ್ಲಿರುವ ಮಗುವಿಗೂ ತೊಂದರೆ. ಉಳಿದವರು ಸೋಪು ಹಾಕಿ ಕೈ ತೊಳೆಯಿರಿ, ಬರೀ ಸ್ಯಾನಿಟೈಸರ್ ಸಾಲದು. ಚಿಕ್ಕ ಮಕ್ಕಳು ಬೆರಳು ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಿ. ದುಪಟ್ಟಾ, ಜೋತಾಡುವ ಓಲೆ, ಲಾಡಿ ಇರುವ ಪ್ಯಾಂಟು ಬೇಡ. ನನ್ನ ಪ್ಯಾಂಟಿನ ಲಾಡಿ ಈಗ ಒಂದೇ ಕಡೆ ಇದೆ. ಮ್ಯಾಟ್ ಅವರೇ ಕೊಡುತ್ತಾರೆ, ನಿಮ್ಮದನ್ನು ತೆಗೆದುಕೊಂಡು ಹೋಗಿ ಹಾಳು ಮಾಡಿಕೊಳ್ಳಬೇಡಿ. ಜೂನ್‌ವರೆಗೂ ಇಲ್ಲಿ ಮಳೆ ನಂಬೋಕಾಗಲ್ಲ, ಮಳೆ ಬಂದರೆ ಕೊಟ್ಟಿಗೆಯೊಳಗೆ ಮಾಡಿಸುತ್ತಾರೆ, ಅಲ್ಲಿ ವಾಸನೆ ಸ್ವಲ್ಪ ಜಾಸ್ತಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಅತ್ತೆಯನ್ನು ಕೇಳಿದರೆ ಗೊಬ್ಬರಕ್ಕೆ ಒಂದು ಜಾಸ್ತಿ ಕೊಡುತ್ತಿದ್ದರೋ ಏನೋ. ಬೇರೆ ಫಾರ್ಮ್ ಹುಡುಕುವವರು ಟಿಕೆಟ್ ತೆಗೆದುಕೊಳ್ಳೋ ಮುಂಚೆ ಫೋನ್ ಮಾಡಿ, ಎಷ್ಟು ಜನಕ್ಕೆ ಎಷ್ಟು ಮರಿ, ಕೊಟ್ಟಿಗೆ ಬಾಗಿಲು ತೆಗೆದಿರುತ್ತಾ, ಕ್ಲಾಸ್ ಆದಮೇಲೆ ಎಷ್ಟು ಹೊತ್ತು ಕೂರಬಹುದು ಅಂತ ಕೇಳಿ. ಯೋಗ ಬೇಡ, ಬರೀ ಮೇಕೆಗಳ ಜೊತೆ ಕೂರುವ ಟಿಕೆಟ್ ಇದ್ದರೆ ಅದನ್ನೇ ತೆಗೆದುಕೊಳ್ಳಿ, ಕೆಲವು ಕಡೆ ಅದು ಅಗ್ಗಕ್ಕೂ ಸಿಗುತ್ತದೆ.