ಶಾರ್ಟ್ಸ್ ಸಾಕಾ, ಉದ್ದದ ವಿಡಿಯೊ ಬೇಕಾ?

ಅಡುಗೆ ಚಾನೆಲ್ ಶುರು ಮಾಡಿ ಎಡಿಟಿಂಗ್‌ನಲ್ಲೇ ಸುಸ್ತಾಗುವವರಿಗೆ ಮೊದಲು ಶಾರ್ಟ್ಸೇ ಸರಿ. 2024ರ ಅಕ್ಟೋಬರ್‌ನಿಂದ ಯೂಟ್ಯೂಬ್ ಶಾರ್ಟ್ಸ್ 3 ನಿಮಿಷದವರೆಗೂ ಇರಬಹುದು. ಒಗ್ಗರಣೆ ಚಟಪಟ ಅಂದಿತು, ಅನ್ನ ಕಲಸಿದಿರಿ, ಚಿತ್ರಾನ್ನ ರೆಡಿ. ಒಂದೇ ಟೇಕ್ ಆದರೂ ನಡೆಯುತ್ತದೆ. ಆದರೆ ದಿನಕ್ಕೊಂದು ಹಾಕಲೇಬೇಕು ಅನ್ನೋ ಹುಚ್ಚು ಹತ್ತುವುದೂ ಇಲ್ಲೇ! ವಾರಕ್ಕೆ ಎರಡು ಧಾರಾಳ ಸಾಕು. ಒಂದೇ ದಿನ ಶೂಟ್ ಮಾಡಿ ಶೆಡ್ಯೂಲ್ ಮಾಡಿಡಿ.

ಉದ್ದದ ವಿಡಿಯೊಗೆ ಕೆಲಸ ಜಾಸ್ತಿ. ಎಲ್ಲ ಪರ್ಫೆಕ್ಟ್ ಆಗಲಿ ಅನ್ನುವವರು ಥಂಬ್‌ನೇಲ್‌ನಲ್ಲೇ (ವಿಡಿಯೊದ ಮುಖಚಿತ್ರ) ಸಿಕ್ಕಿಬೀಳುತ್ತಾರೆ. ಸುಮ್ನೆ ಹಾಕಿಬಿಡಿ. ಶೀರ್ಷಿಕೆ, ಥಂಬ್‌ನೇಲ್ ಎರಡನ್ನೂ ಆಮೇಲೆ ಬದಲಿಸಬಹುದು, ಬೇಡದ ತುಣುಕನ್ನು ಚಾನೆಲ್ ನೋಡಿಕೊಳ್ಳುವ ಪುಟವಾದ ಯೂಟ್ಯೂಬ್ ಸ್ಟುಡಿಯೊದಲ್ಲೇ ಕತ್ತರಿಸಬಹುದು. ಹೋಳಿಗೆಯಂಥ ಹದದ ಅಡುಗೆ ಕಲಿಸುವವರು ಮಾತ್ರ ಇದನ್ನೇ ಆರಿಸಿಕೊಳ್ಳಿ. ಕಣಕ ಎಷ್ಟು ನಾದಬೇಕು ಅನ್ನುವುದು 3 ನಿಮಿಷದಲ್ಲಿ ಹೇಳಿ ಮುಗಿಯುವ ಮಾತಲ್ಲ, ಅಲ್ವಾ?