ಫೇಲ್ ಆಗೋಕೇ ಆಗದ ಪರೀಕ್ಷೆ ಬರೆದು ಸರ್ಟಿಫಿಕೇಟ್ ತಗೊಂಡೆ

ರೀಸೈಕ್ಲಿಂಗ್ ಕೆಲಸದಲ್ಲಿ ಇರುವವರು, ಸೇರಬೇಕು ಅಂದುಕೊಂಡವರು ದುಡ್ಡು ಕಟ್ಟುವ ಮೊದಲು ಇದನ್ನೊಮ್ಮೆ ಓದಿ.

ನಾನು ನಾಲ್ಕು ವರ್ಷ ರದ್ದಿ ಕಾಗದ, ರಟ್ಟು ವಿಂಗಡಿಸುವ ಕಡೆ ಇದ್ದವನು. ಪ್ಲಾಸ್ಟಿಕ್ ಕಡೆ ಸೂಪರ್‌ವೈಸರ್ ಆಗಬೇಕು ಅನ್ನೋ ಆಸೆ. ಆಗ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಅಂತರರಾಷ್ಟ್ರೀಯ ಮಾನ್ಯತೆ ಇರುವ ರೀಸೈಕ್ಲಿಂಗ್ ಸರ್ಟಿಫಿಕೇಟ್, ಮನೆಯಲ್ಲೇ ಕೂತು ಪರೀಕ್ಷೆ. ಕೆಳಗೆ ‘ಐಎಸ್‌ಒ’ ಅಂತ ದೊಡ್ಡದಾಗಿ ಬರೆದಿತ್ತು, ಪಕ್ಕದಲ್ಲಿ ‘ಆರ್2’ ಲೋಗೋ. ನಂಬಿಬಿಟ್ಟೆ.

ಪರೀಕ್ಷೆ ಅಂದರೆ ಇಪ್ಪತ್ತು ಪ್ರಶ್ನೆ. ತಪ್ಪು ಉತ್ತರ ಒತ್ತಿದರೆ ‘ಇನ್ನೊಮ್ಮೆ ಪ್ರಯತ್ನಿಸಿ’ ಅಂತ ಬರುತ್ತಿತ್ತು, ಸರಿಯಾದದ್ದು ಸಿಗುವವರೆಗೆ ಒತ್ತುತ್ತಾ ಹೋಗಬಹುದು. ಊಟಕ್ಕೆ ಏಳುವ ಮೊದಲೇ ಸರ್ಟಿಫಿಕೇಟ್ ಮೇಲ್‌ಗೆ ಬಂತು. ಚಿನ್ನದ ಬಣ್ಣದ ಅಂಚು, ಮೂಲೆಯಲ್ಲಿ ಕ್ಯೂಆರ್ ಕೋಡ್. ಆಗಲೇ ಅನುಮಾನ ಬರಬೇಕಿತ್ತು, ಅಲ್ವಾ? ನನಗೆ ಬಂದಿದ್ದು ಖುಷಿ.

ಇಂಟರ್‌ವ್ಯೂನಲ್ಲಿ ಪ್ಲಾಂಟ್ ಮ್ಯಾನೇಜರ್ ಆ ಹಾಳೆಯನ್ನು ಪಕ್ಕಕ್ಕಿಟ್ಟು ಮೇಜಿನ ಮೇಲೆ ಎರಡು ಬಾಟಲಿ ಇಟ್ಟರು. ಎರಡೂ ಪ್ಲಾಸ್ಟಿಕ್ಕಿನವು, ಗಾಜಿನ ಹಾಗೆ ತಿಳಿ, ಲೇಬಲ್ ಕಿತ್ತಿದ್ದರು. "ಒಂದು ಪೆಟ್, ಒಂದು ಪಿವಿಸಿ. ಯಾವುದು ಯಾವುದು?" ಕೋರ್ಸಿನಲ್ಲಿ ಓದಿದ್ದು ನೆನಪಿತ್ತು. "ಚೂರು ಮಾಡಿ ನೀರಿಗೆ ಹಾಕಿ ನೋಡ್ತೀನಿ ಸಾರ್" ಅಂದೆ. "ಎರಡೂ ಮುಳುಗ್ತವೆ" ಅಂದರು.

ನಿಜ. ತೇಲುವುದು ಎಚ್‌ಡಿಪಿಇ, ಪಿಪಿ ಥರದ ಬೇರೆ ಪ್ಲಾಸ್ಟಿಕ್‌ಗಳು. ಪೆಟ್ ಮತ್ತು ಪಿವಿಸಿ ಎರಡೂ ನೀರಿಗಿಂತ ಭಾರ, ತೊಟ್ಟಿಯಲ್ಲಿ ಬೇರೆ ಆಗುವುದೇ ಇಲ್ಲ. ಆಮೇಲೆ ಅವರೇ ಬಾಟಲಿ ತಿರುಗಿಸಿ ತೋರಿಸಿದರು. ಪೆಟ್ ಬಾಟಲಿಯ ತಳದ ನಡುವೆ ಸಣ್ಣ ಗುಬುಟು. ಪಿವಿಸಿ ತಳದಲ್ಲಿ ಅಡ್ಡಕ್ಕೆ ಒಂದು ಗೀರು, ಮಡಚಿದರೆ ಮಡಿಕೆ ಬೆಳ್ಳಗಾಗುತ್ತದೆ. ಪೆಟ್ ಕರಗಿಸಲು 250 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾವು ಬೇಕು. ಅಷ್ಟರಲ್ಲಿ ಪಿವಿಸಿ ಸುಟ್ಟು ಆಮ್ಲ ಬಿಡುತ್ತದೆ, ಮಾಲು ಹಳದಿ ತಿರುಗಿ ಕಪ್ಪು ಚುಕ್ಕೆ ಬೀಳುತ್ತದೆ. ಸಾವಿರಕ್ಕೆ ಒಂದು ಪಾಲು ಸೇರಿದರೂ ಇಡೀ ಲಾಟ್ ಕೆಟ್ಟ ಹಾಗೆ. ಬೆಲ್ಟ್ ಪಕ್ಕ ನಿಲ್ಲುವ ಸೂಪರ್‌ವೈಸರ್‌ಗೆ ಇದು ಅಆಇಈ.

ಆಮೇಲೆ ಸರ್ಟಿಫಿಕೇಟ್ ಕೈಗೆತ್ತಿಕೊಂಡರು. ಕ್ಯೂಆರ್ ಸ್ಕ್ಯಾನ್ ಮಾಡಿದರೆ ಕೋರ್ಸ್ ಕೊಳ್ಳುವ ಪುಟ ತೆರೆಯಿತು! ನನ್ನ ಹೆಸರು ಎಲ್ಲೂ ಇಲ್ಲ. ಆರ್2 ಲೋಗೋ ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ. ಅದು ಇ-ತ್ಯಾಜ್ಯ ಘಟಕಗಳಿಗೆ ಕೊಡುವ ಮಾನ್ಯತೆ. ಇ-ಸ್ಟೀವರ್ಡ್ಸ್ ಅನ್ನುವ ಇನ್ನೊಂದು ಮಾನ್ಯತೆ ಕೂಡ ಹಾಗೇ. ಘಟಕಕ್ಕೆ ಸಿಗುವುದನ್ನು ಮನುಷ್ಯನಿಗೆ ಹೇಗೆ ಕೊಡುತ್ತಾರೆ? ಇನ್ನು ಐಎಸ್‌ಒ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆ ಮಾನದಂಡ ಬರೆಯುತ್ತದೆ ಅಷ್ಟೇ, ತಾನಾಗಿ ಯಾರಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ.

ವ್ಯಕ್ತಿಗಳಿಗೆ ಸರ್ಟಿಫಿಕೇಟ್ ಕೊಡುವ ಸಂಸ್ಥೆ ಹೇಗಿರಬೇಕು ಅನ್ನೋದಕ್ಕೆ ಬೇರೆಯೇ ಒಂದು ಮಾನದಂಡ ಇದೆ: ಐಎಸ್‌ಒ/ಐಇಸಿ 17024. ನಾನು ಅದನ್ನು ಓದಿದ್ದು ಕೆಲಸ ಕೈ ತಪ್ಪಿದ ಮೇಲೆ. ಅದರ ಪ್ರಕಾರ ಪಾಠಕ್ಕೂ ಪರೀಕ್ಷೆಗೂ ಅಂತರ ಇರಬೇಕು, ನಮ್ಮಲ್ಲೇ ಕೋರ್ಸ್ ತಗೊಂಡರೆ ಪಾಸಾಗೋದು ಸುಲಭ ಅಂತ ಹೇಳಿಕೊಳ್ಳುವ ಹಾಗಿಲ್ಲ. ಸರ್ಟಿಫಿಕೇಟಿಗೆ ಅವಧಿ ಇರುತ್ತದೆ, ತಪ್ಪು ಮಾಡಿದರೆ ವಾಪಸ್ ಕಿತ್ತುಕೊಳ್ಳಬಹುದು. ಹೊರಗಿನವರು ಕೇಳಿದರೆ ಇವರ ಸರ್ಟಿಫಿಕೇಟ್ ಇನ್ನೂ ಚಾಲ್ತಿಯಲ್ಲಿದೆಯಾ ಅಂತ ಹೇಳಬೇಕು. ‘ಕೋರ್ಸಿಗೆ ಹಾಜರಾಗಿದ್ದರು’ ಅನ್ನುವ ಕಾಗದ ಬೇರೆ, ‘ಕೆಲಸ ಬರುತ್ತದೆ’ ಅನ್ನುವ ಕಾಗದ ಬೇರೆ. ನನ್ನದು ಮೊದಲನೆಯದೂ ಆಗಿರಲಿಲ್ಲ ಬಿಡಿ.

ನಿಮಗೂ ಇಂಥ ಜಾಹೀರಾತು ಕಂಡರೆ ಆ ಕೋರ್ಸ್ ಮಾರುವವರಿಗೆ ಒಂದು ಮೇಲ್ ಹಾಕಿ. ನಿಮಗೆ ಮಾನ್ಯತೆ ಕೊಟ್ಟವರು ಯಾರು, ಹೋದ ಸಲ ಎಷ್ಟು ಜನ ಫೇಲ್ ಆದರು ಅಂತ ಕೇಳಿ. ಮಾನ್ಯತೆ ಕೊಟ್ಟವರ ಹೆಸರು ಹೇಳಿದರೆ ಸುಮ್ನೆ ಒಪ್ಪಬೇಡಿ, ಅವರ ಪಟ್ಟಿಯಲ್ಲೇ ಹುಡುಕಿ. ಸೇರಬೇಕು ಅಂತಿರುವ ಪ್ಲಾಂಟ್‌ಗೂ ಒಂದು ಫೋನ್ ಮಾಡಿ, ಈ ಕಾಗದಕ್ಕೆ ಬೆಲೆ ಕೊಡ್ತೀರಾ ಅಂತ. ನಾನು ಮಾಡದೇ ಹೋದ ಕೆಲಸ ಅದೇ.

ದುಡ್ಡು ವಾಪಸ್ ಕೇಳಿ ಮೂರು ಮೇಲ್ ಹಾಕಿದೆ, ಉತ್ತರವಿಲ್ಲ. ಮೊನ್ನೆ ಮಾತ್ರ ಅವರೇ ಬರೆದಿದ್ದರು: ನನ್ನ ಸರ್ಟಿಫಿಕೇಟಿನ ಅವಧಿ ಮುಗಿಯುತ್ತಿದೆಯಂತೆ, ದುಡ್ಡು ಕಟ್ಟಿದರೆ ಸಾಕಂತೆ, ಪರೀಕ್ಷೆ ಬೇಡವಂತೆ.