ಮುಟ್ಟು ನಿಂತದ್ದು ವಯಸ್ಸಿನಿಂದಲ್ಲ, ನೋವಿನ ಮಾತ್ರೆಯಿಂದ

‘ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ?’ ಎಂದು ಮೂವರು ವೈದ್ಯರು ಕೇಳಿದ್ದರು. ಮೂವರಿಗೂ ‘ಏನೂ ಇಲ್ಲ’ ಎಂದೇ ಹೇಳಿದ್ದೆ. ಸುಳ್ಳು ಹೇಳುವ ಉದ್ದೇಶವಿರಲಿಲ್ಲ. ಬಿಪಿಗೆ, ಶುಗರಿಗೆ ನುಂಗುವುದು ಮಾತ್ರೆ. ಸೊಂಟ ನೋವಿಗೆ ನುಂಗುವುದನ್ನು ನಾನು ಆ ಲೆಕ್ಕಕ್ಕೇ ಹಿಡಿದಿರಲಿಲ್ಲ.

ನನಗೆ 38 ವರ್ಷ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ದಿನವಿಡೀ ನಿಂತೇ ಇರುವ ಕೆಲಸ. ಎರಡು ವರ್ಷಗಳ ಹಿಂದೆ ಸ್ಕೂಟರಿನಿಂದ ಬಿದ್ದು ಡಿಸ್ಕ್ ಜಾರಿತು. ಮೂಳೆ ಡಾಕ್ಟರು ಟ್ರಾಮಡಾಲ್ ಮತ್ತು ಪ್ಯಾರಾಸಿಟಮಾಲ್ ಸೇರಿದ ಮಾತ್ರೆಯನ್ನು ಹತ್ತು ದಿನಕ್ಕೆ ಬರೆದುಕೊಟ್ಟರು. ಆ ಹತ್ತು ದಿನ ಹದಿನಾಲ್ಕು ತಿಂಗಳಾಯಿತು. ದಿನಕ್ಕೆ ಎರಡು ನುಂಗುತ್ತಿದ್ದವಳು ಆರಕ್ಕೆ ಬಂದೆ. ಚೀಟಿಯ ಅವಧಿ ಮುಗಿದ ಮೇಲೂ ಔಷಧಿ ಅಂಗಡಿಯಲ್ಲಿ ಮಾತ್ರೆಯ ಖಾಲಿ ಸ್ಟ್ರಿಪ್ ತೋರಿಸಿದರೆ ಸಾಕಾಗಿತ್ತು. ಟ್ರಾಮಡಾಲ್ ಎಚ್1 ಪಟ್ಟಿಯಲ್ಲಿರುವ ಔಷಧಿ: ವೈದ್ಯರ ಚೀಟಿಯಿಲ್ಲದೆ ಕೊಡುವಂತಿಲ್ಲ, ಕೊಟ್ಟದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು. 2018ರಲ್ಲಿ ಅದನ್ನು ಮಾದಕ ವಸ್ತುಗಳ ಕಾಯ್ದೆಯ ಅಡಿಗೂ ತಂದರು. ಇವೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ಆ ಅಂಗಡಿಯವನು ಎಷ್ಟು ಒಳ್ಳೆಯ ಹುಡುಗ ಎಂದುಕೊಂಡಿದ್ದೆ.

ಆರನೇ ತಿಂಗಳ ಹೊತ್ತಿಗೆ ಮುಟ್ಟು ಏರುಪೇರಾಯಿತು, ಆಮೇಲೆ ನಿಂತೇಹೋಯಿತು. ಬಸಿರೇನೋ ಎಂದು ಹೆದರಿ ಪರೀಕ್ಷಿಸಿಕೊಂಡೆ, ಅಲ್ಲ. ‘ನಮ್ಮ ಮನೆತನದಲ್ಲಿ ಕೆಲವರಿಗೆ ಬೇಗ ನಿಲ್ಲುತ್ತದೆ, ಪೀಡೆ ಕಳೆಯಿತು ಬಿಡು’ ಎಂದರು ಅತ್ತೆ. ಅವರ ಮನೆತನಕ್ಕೂ ನನ್ನ ಗರ್ಭಕೋಶಕ್ಕೂ ಏನು ಸಂಬಂಧವೋ! ಆದರೂ ನಂಬಿದೆ. ಬೆಳಿಗ್ಗೆ ಎದ್ದಾಗಲೇ ಸುಸ್ತು, ಮಕ್ಕಳ ಮೇಲೆ ವಿನಾಕಾರಣ ಸಿಡುಕು. ಗಂಡ ಹತ್ತಿರ ಬಂದರೆ ಗೋಡೆಯ ಕಡೆ ತಿರುಗುತ್ತಿದ್ದೆ. ಅವರು ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಒಂದೇ ಮನೆಯಲ್ಲಿ ಆ ಮೌನ ಹೇಗಿರುತ್ತದೆಂದು ಅನುಭವಿಸಿದವರಿಗೇ ಗೊತ್ತು.

ಥೈರಾಯ್ಡ್ ಸರಿಯಿತ್ತು, ಸ್ಕ್ಯಾನಿಂಗ್ ಸರಿಯಿತ್ತು. ಕಬ್ಬಿಣಾಂಶದ ಮಾತ್ರೆ ಕೊಟ್ಟು ಕಳುಹಿಸಿದರು. ಕೊನೆಗೆ ಹೋದದ್ದು ಹಾರ್ಮೋನ್ ತಜ್ಞೆಯ ಬಳಿಗೆ. ಅವರು ರಕ್ತ ಪರೀಕ್ಷೆಯ ವರದಿ ಹಿಡಿದು ಹುಬ್ಬು ಗಂಟಿಕ್ಕಿದರು. ಮುಟ್ಟು ಸಹಜವಾಗಿ ನಿಲ್ಲುವಾಗ ಎಫ್‌ಎಸ್‌ಎಚ್ ಎಂಬ ಹಾರ್ಮೋನ್ ಏರಬೇಕಂತೆ, ನನ್ನದು ಕೆಳಗಿತ್ತು. ಹೆಣ್ಣಿನ ಹಾರ್ಮೋನ್ ಈಸ್ಟ್ರೊಜೆನ್ ಕೂಡ ಕಡಿಮೆ. ಹಳೆಯ ವರದಿಯೊಂದನ್ನು ತೆಗೆಯಲು ಚೀಲಕ್ಕೆ ಕೈಹಾಕಿದಾಗ ಮಾತ್ರೆಯ ಸ್ಟ್ರಿಪ್ ಜಾರಿ ಅವರ ಮೇಜಿನ ಮೇಲೆ ಬಿತ್ತು. ಅವರು ಅದನ್ನು ತಿರುಗಿಸಿ ಕೆಂಪು ಚೌಕಟ್ಟಿನೊಳಗಿನ ಎಚ್ಚರಿಕೆಯನ್ನು ನೋಡಿದರು. ‘ಇದು ಎಷ್ಟು ದಿನದಿಂದ?’

ಟ್ರಾಮಡಾಲ್, ಟಾಪೆಂಟಡಾಲ್, ಮಾರ್ಫಿನ್ ಇವೆಲ್ಲ ಒಪಿಯಾಯ್ಡ್‌ಗಳು, ಅಫೀಮಿನ ದಾಯಾದಿಗಳು. ದೀರ್ಘಕಾಲ ತೆಗೆದುಕೊಂಡರೆ ಮೆದುಳಿನ ಹೈಪೊಥಲಾಮಸ್ ಎಂಬ ಭಾಗವನ್ನು ಮಂಕು ಮಾಡಬಲ್ಲವು. ಅಲ್ಲಿಂದ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಗೆ, ಪಿಟ್ಯುಟರಿಯಿಂದ ಎಫ್‌ಎಸ್‌ಎಚ್‌ನಂಥ ಹಾರ್ಮೋನ್ ಮೂಲಕ ಅಂಡಾಶಯಕ್ಕೆ ಆದೇಶ ಇಳಿಯಬೇಕು. ಮೇಲಿನ ಕಚೇರಿಯಿಂದ ಸುತ್ತೋಲೆಯೇ ಬರದಿದ್ದರೆ ನಮ್ಮ ಶಾಲೆಯಲ್ಲಿ ಯಾವ ಕೆಲಸ ನಡೆದೀತು? ಹಾಗೆಯೇ ಇದು. ಗಂಡಸರಲ್ಲಿ ಇದೇ ದಾರಿಯಲ್ಲಿ ಗಂಡು ಹಾರ್ಮೋನ್ ಟೆಸ್ಟೊಸ್ಟೆರಾನ್ ಇಳಿಯುತ್ತದೆ: ಲೈಂಗಿಕ ಆಸಕ್ತಿ ಕುಂದುತ್ತದೆ, ಮಾಂಸಖಂಡ ಸೊರಗುತ್ತದೆ, ಮನಸ್ಸು ಕುಗ್ಗುತ್ತದೆ. ಅವರಂತೂ ಬಾಯಿಬಿಟ್ಟು ಹೇಳುವುದೇ ಇಲ್ಲ. ಕೆಲವರಲ್ಲಿ ಒತ್ತಡ ತಾಳಲು ದೇಹಕ್ಕೆ ಬೇಕಾದ ಕಾರ್ಟಿಸಾಲ್ ಹಾರ್ಮೋನ್ ಕೂಡ ಕುಸಿದು ವಾಂತಿ, ತಲೆಸುತ್ತು, ಬಿಪಿ ಇಳಿಯುವುದು ಆಗಬಹುದು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲೇ ಈ ಹಾರ್ಮೋನ್ ತೊಂದರೆಗಳ ಬಗ್ಗೆ ಎಚ್ಚರಿಸಿತ್ತು. ಅದಕ್ಕೇ ನನಗೂ ಬೆಳಗಿನ ಕಾರ್ಟಿಸಾಲ್ ನೋಡಿದರು, ಪುಣ್ಯಕ್ಕೆ ಸರಿಯಿತ್ತು. ಮೂಳೆಯ ಸಾಂದ್ರತೆ ಮಾತ್ರ ವಯಸ್ಸಿಗಿಂತ ಕಡಿಮೆ ಬಂತು. ಮೂಳೆಯನ್ನು ಕಾಯುವ ಈಸ್ಟ್ರೊಜೆನ್ ಕಡಿಮೆಯಿದ್ದ ತಿಂಗಳುಗಳ ಬಾಕಿ ಅದು.

ಇಲ್ಲಿ ನಾನು ಎರಡನೇ ತಪ್ಪು ಮಾಡಿದೆ, ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಕೋಪದಲ್ಲಿ ಮನೆಗೆ ಬಂದವಳೇ ಮಾತ್ರೆಗಳನ್ನೆಲ್ಲ ಕಸದ ಬುಟ್ಟಿಗೆ ಎಸೆದೆ. ಮರುದಿನ ರಾತ್ರಿ ಮೈಯೆಲ್ಲ ಬೆವರು, ನಿಮಿರಿ ನಿಂತ ಮೈಗೂದಲು, ಮೂಗು ಸೋರಿಕೆ, ಭೇದಿ, ಒಂದು ಕ್ಷಣವೂ ಸುಮ್ಮನಿರದ ಕಾಲುಗಳು. ವೈದ್ಯೆಗೆ ಫೋನ್ ಮಾಡಿದಾಗ ಬೈದರು. ದೇಹ ಒಗ್ಗಿಹೋದ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಬಾರದು, ವೈದ್ಯರೇ ಹಂತಹಂತವಾಗಿ ಇಳಿಸಬೇಕು. ನನಗೆ ಒಂಬತ್ತು ವಾರ ಹಿಡಿಯಿತು, ಜೊತೆಗೆ ಫಿಸಿಯೊಥೆರಪಿ. ನೋವು ಪೂರ್ತಿ ಹೋಗಿಲ್ಲ. ಪಾಠ ಮಾಡುವಾಗ ನಡುನಡುವೆ ಕುರ್ಚಿಯಲ್ಲಿ ಕೂರುತ್ತೇನೆ. ಮುಖ್ಯೋಪಾಧ್ಯಾಯರು ನೋಡಿದರೆ ನೋಡಲಿ.

ಕ್ಯಾನ್ಸರ್ ನೋವಿಗೆ ಮಾರ್ಫಿನ್ ತೆಗೆದುಕೊಳ್ಳುತ್ತಿರುವ ಹಿರಿಯರು ಮನೆಯಲ್ಲಿದ್ದರೆ ಇದನ್ನು ತೋರಿಸಿ ಅವರನ್ನು ಹೆದರಿಸಬೇಡಿ. ಅವರಿಗೆ ಆ ಔಷಧಿ ಬೇಕೇ ಬೇಕು. ನಾನು ಹೇಳುತ್ತಿರುವುದು ಹತ್ತು ದಿನದ ಚೀಟಿಯನ್ನು ವರ್ಷಗಟ್ಟಲೆ ಎಳೆದ ನನ್ನಂಥವರಿಗೆ. ಮುಟ್ಟು ಬರುತ್ತಿಲ್ಲವಲ್ಲ ಎಂದು ಗರ್ಭನಿರೋಧಕವನ್ನೂ ಬಿಡಬೇಡಿ. ಅಂಡಾಶಯ ಯಾವ ತಿಂಗಳು ಎಚ್ಚರಗೊಳ್ಳುತ್ತದೆಂದು ಮೊದಲೇ ತಿಳಿಯುವುದಿಲ್ಲ.

ನನ್ನದು ಮಾತ್ರೆ ಬಿಟ್ಟ ಮೂರನೇ ತಿಂಗಳು ಎಚ್ಚರಗೊಂಡಿತು, ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಕೊಠಡಿಯಲ್ಲಿ. ಚೀಲದಲ್ಲಿ ಪ್ಯಾಡ್ ಇಟ್ಟುಕೊಳ್ಳುವ ಅಭ್ಯಾಸವೇ ತಪ್ಪಿಹೋಗಿತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳನ್ನು ಕೇಳಿ ಪಡೆದೆ.